ಬೆಂಕಿಗೊಂದು ಬಳೆ, ಬಳೆಗೊಂದು ತಳ

ಬಯಲಲ್ಲಿ ತಂಗುವವರು ಚಳಿ ಕಾಯಿಸಲೆಂದೋ ಅಡುಗೆಗೆಂದೋ ಬರಿಯ ಸೊಗಸಿಗೆಂದೋ ಹೊತ್ತಿಸುವ ಬೆಂಕಿಗೆ ಶಿಬಿರಾಗ್ನಿ ಎಂದೂ, ಅದು ಹರಡದಂತೆ ಸುತ್ತ ಇರಿಸುವ ಲೋಹದ ಕಟ್ಟಿಗೆ ಅಮೆರಿಕದ ಬಳಕೆಯಲ್ಲಿ ಫೈರ್ ರಿಂಗ್ ಎಂದೂ ಹೆಸರು. ಈ ಎರಡನೆಯದನ್ನು ಕನ್ನಡದಲ್ಲಿ ಬೆಂಕಿಬಳೆ ಎಂದು ಕರೆದರೆ ಅರ್ಥಕ್ಕೆ ಕೊರತೆಯಾಗದು. ಅಲ್ಲಿನ ಸರ್ಕಾರಿ ಶಿಬಿರತಾಣಗಳಲ್ಲಿ ನೆಲಕ್ಕೆ ಬಿಗಿದ ಉಕ್ಕಿನ ಬಳೆಗಳು ಬಹುಕಾಲದಿಂದ ಇವೆ. ಕಾರಿನ ಡಿಕ್ಕಿಯಲ್ಲಿಟ್ಟು ಒಯ್ದು, ಬೇಕಾದ ಕಡೆ ಇಳಿಸಿ, ಮರಳುವಾಗ ಎತ್ತಿಕೊಂಡು ಬರಬಹುದಾದ ಬಳೆಗಳಾದರೋ ಈಚಿನ ವರ್ಷಗಳಲ್ಲಿ ದೊಡ್ಡ ವ್ಯಾಪಾರವಾಗಿ ಬೆಳೆದಿದ್ದು, ಆ ಒಂದೇ ಹೆಸರಿನಡಿ ತಳವಿಲ್ಲದ ಬರಿಯ ಸುತ್ತು, ತಳವುಳ್ಳ ತಟ್ಟೆ, ಎರಡು ಗೋಡೆಯ ಹೊಗೆರಹಿತ ಕೊಳಗ, ಮಡಚುವ ಜಾಲರಿ, ಗ್ಯಾಸಿನ ಬೋಗುಣಿ ಎಲ್ಲವೂ ಬಿಕರಿಯಾಗುತ್ತಿವೆ. ಆದ್ದರಿಂದ ಕೊಳ್ಳುವವರ ಮುಂದಿರುವ ಪ್ರಶ್ನೆ ಯಾವ ಕಂಪನಿಯದು ಎಂಬುದಕ್ಕಿಂತ ಯಾವ ಜಾತಿಯದು ಎಂಬುದಾಗಿದೆ. ಬಳೆ ಎಂಬ ಹೆಸರು ಗಮನವನ್ನೆಲ್ಲ ಪಕ್ಕದ ಗೋಡೆಯತ್ತ ಸೆಳೆಯುತ್ತದೆ. ಬೆಂಕಿ ಕೈತಪ್ಪುವುದು ಹೆಚ್ಚಾಗಿ ಕೆಳಗಿನಿಂದ, ಮೇಲಿನಿಂದ, ಮತ್ತು ಎಲ್ಲರೂ ಎದ್ದುಹೋದ ಮೇಲೆ.

ಅಮೆರಿಕದ ಕಾಡ್ಗಿಚ್ಚುಗಳಲ್ಲಿ ಸುಮಾರು ಶೇ. 85ರಷ್ಟು ಮನುಷ್ಯರಿಂದಲೇ ಹುಟ್ಟುತ್ತವೆ ಎಂದು ಅಲ್ಲಿನ ರಾಷ್ಟ್ರೀಯ ಉದ್ಯಾನ ಸೇವೆ ಹೇಳುತ್ತದೆ. ಆರಿಸದೆ ಬಿಟ್ಟ ಶಿಬಿರಾಗ್ನಿ ಆ ಕಾರಣಗಳ ಸಾಲಿನಲ್ಲಿ ತಪ್ಪದೆ ಬರುವ ಹೆಸರು. 1944ರಲ್ಲಿ ಹುಟ್ಟಿ ಇಂದಿಗೂ ಭಿತ್ತಿಪತ್ರಗಳಲ್ಲಿ ನಿಂತಿರುವ ಸ್ಮೋಕಿ ಎಂಬ ಟೋಪಿ ತೊಟ್ಟ ಕರಡಿ ಅಲ್ಲಿನ ಮಕ್ಕಳಿಗೆ ಮೊದಲು ಕಲಿಸುವುದೂ ಬೆಂಕಿ ಆರಿಸುವುದನ್ನೇ. ಆದರೂ ಬಳೆಯೊಳಗೆ ಇದ್ದ ಬೆಂಕಿ ಸುರಕ್ಷಿತ ಎಂಬ ನಂಬಿಕೆ ಗಟ್ಟಿಯಾಗಿ ಉಳಿದಿದೆ. ಕೊಲರಾಡೊ ರಾಜ್ಯದಲ್ಲಿ 2002ರ ಜೂನ್‌ನಲ್ಲಿ ಹಬ್ಬಿ ಸುಮಾರು 1,38,000 ಎಕರೆ ಕಾಡನ್ನೂ 133 ಮನೆಗಳನ್ನೂ ಸುಟ್ಟ ಹೇಮನ್ ಕಾಡ್ಗಿಚ್ಚು ಹೊತ್ತಿದ್ದು ಶಿಬಿರತಾಣದ ಬೆಂಕಿಬಳೆಯೊಳಗೇ, ಅದೂ ಬೆಂಕಿ ನಿಷೇಧ ಜಾರಿಯಲ್ಲಿದ್ದಾಗ, ನಿಷೇಧವನ್ನು ಕಾಯಬೇಕಾದ ಅರಣ್ಯ ಸೇವೆಯ ನೌಕರರೊಬ್ಬರ ಕೈಯಿಂದ. ಅದೇ ರಾಜ್ಯದ ನೆಡರ್ಲೆಂಡ್ ಊರಿನ ಬಳಿ 2016ರ ಜುಲೈನಲ್ಲಿ ಎಂಟು ಮನೆಗಳನ್ನು ಸುಟ್ಟ ಕೋಲ್ಡ್ ಸ್ಪ್ರಿಂಗ್ಸ್ ಬೆಂಕಿಯ ಕಥೆ ಬೇರೆ: ಅಲ್ಲಿ ತಂಗಿದ್ದವರು ಬೆಂಕಿಯ ಮೇಲೆ ಕಲ್ಲು ಹೇರಿ, ಆರಿತೆಂದು ತಿಳಿದು ಹೊರಟುಹೋಗಿದ್ದರು. ಮೊದಲನೆಯದರಲ್ಲಿ ಬಳೆ ಇತ್ತು, ಆದರೆ ಬೆಂಕಿ ಹಾಕುವ ಕಾಲ ಅದಾಗಿರಲಿಲ್ಲ. ಎರಡನೆಯದರಲ್ಲಿ ಮುಚ್ಚಿದರು, ಆದರೆ ತಣಿಸಲಿಲ್ಲ. ಬಳೆಯ ಆಯ್ಕೆಯನ್ನು ಕುರಿತ ಯಾವ ಚರ್ಚೆಯೂ ಈ ಎರಡು ಸಂಗತಿಗಳನ್ನು ಬದಿಗಿಟ್ಟು ಮುಂದೆ ಹೋಗಲಾರದು.

ಮಾರುಕಟ್ಟೆಯ ಜಾತಿಗಳಲ್ಲಿ ತಳವಿಲ್ಲದ ಬಳೆ ಅತ್ಯಂತ ಸರಳವೂ ಅಗ್ಗವೂ ಆದದ್ದು. ಮೂರು ನಾಲ್ಕು ಬಾಗಿದ ಉಕ್ಕಿನ ಪಟ್ಟಿಗಳನ್ನು ಬೋಲ್ಟಿನಿಂದಲೋ ಕೊಂಡಿಯಿಂದಲೋ ಸೇರಿಸಿದರೆ ವೃತ್ತವಾಗುತ್ತದೆ, ಬಿಚ್ಚಿದರೆ ಪಟ್ಟಿಗಳಾಗಿ ಒಂದರ ಮೇಲೊಂದು ಕೂರುತ್ತವೆ. ಇದರ ದೋಷ ಕಣ್ಣಿಗೆ ಕಾಣದ ಕಡೆ ಇದೆ. ಕಾಡಿನ ನೆಲವೆಂದರೆ ಬರಿಯ ಮಣ್ಣಲ್ಲ. ಮೇಲೆ ತರಗೆಲೆ, ಅದರಡಿ ಅರ್ಧ ಕೊಳೆತ ಎಲೆ, ಸೂಜಿಯೆಲೆ, ತೊಗಟೆಗಳ ಪದರ, ಅದರಡಿ ಬೇರುಗಳ ಹೆಣಿಗೆ, ಇವೆಲ್ಲದರ ಕೆಳಗೆ ಖನಿಜ ಮಣ್ಣು, ಎಂದರೆ ಸುಡಲು ಜೈವಿಕ ಪದಾರ್ಥವಿಲ್ಲದ ಮರಳು, ಜೇಡಿ, ಜಲ್ಲಿಗಳ ಮಣ್ಣು. ಅರ್ಧ ಕೊಳೆತ ಪದರಕ್ಕೆ ಬೆಂಕಿ ತಾಗಿದರೆ ಅದು ಉರಿಯುವುದಿಲ್ಲ, ಉಮಿಯಂತೆ ಒಳಗೊಳಗೇ ಕನಲುತ್ತದೆ. ಹೀಗೆ ಕನಲುತ್ತ ಬಳೆಯ ಗೋಡೆಯಡಿ ನುಸುಳಿ, ಬೇರು ಹಿಡಿದು ಸರಿದು, ಶಿಬಿರ ಎತ್ತಿದ ಎಷ್ಟೋ ಹೊತ್ತಿನ ಮೇಲೆ ಬೇರೊಂದು ಕಡೆ ಗಾಳಿ ಸಿಕ್ಕಾಗ ಉರಿಯಾಗಿ ಏಳಬಲ್ಲದು. ಆದ್ದರಿಂದ ತಳವಿಲ್ಲದ ಬಳೆಯನ್ನು ಮರಳಿನ ದಂಡೆ, ಜಲ್ಲಿಯ ನೆಲ, ಇಲ್ಲವೇ ಮೊದಲೇ ಬೆಂಕಿ ಹಾಕಿ ಬೋಳಾಗಿರುವ ಜಾಗಗಳಿಗೆ ಮಾತ್ರ ಒಪ್ಪಬಹುದು. ಹುಲ್ಲಿನ ಮೇಲೆ ಅದನ್ನಿಟ್ಟು ಬೆಂಕಿ ಹಾಕುವುದು ತಳ ಕಿತ್ತುಹೋದ ಕೊಡದಲ್ಲಿ ನೀರು ಹೊರುವ ಹಾಗೆ.

ಈ ಅರಿವಿನಿಂದಲೇ ಹುಟ್ಟಿದ್ದು ಬೆಂಕಿತಟ್ಟೆ, ಎಂದರೆ ಅಂಚು ಎತ್ತರಿಸಿದ, ಕಾಲುಗಳ ಮೇಲೆ ನಿಲ್ಲುವ ಲೋಹದ ತಟ್ಟೆ. ಇದನ್ನು ಶಾಸನದ ಮಟ್ಟಕ್ಕೇರಿಸಿದವರು ನದಿಯಲ್ಲಿ ದೋಣಿಯಾತ್ರೆ ಮಾಡುವವರು ಮತ್ತು ಅವರ ಮೇಲುಸ್ತುವಾರಿಯ ಇಲಾಖೆಗಳು. ಗ್ರ್ಯಾಂಡ್ ಕ್ಯಾನಿಯನ್ನಿನ ಕೊಲರಾಡೊ ನದಿಯಲ್ಲಿ ಸಾಗುವ ತಂಡ ಕಟ್ಟಿಗೆ ಸುಡುವುದಾದರೆ ಕನಿಷ್ಠ 300 ಚದರ ಅಂಗುಲ, ಎಂದರೆ ಸುಮಾರು 1,900 ಚದರ ಸೆಂಟಿಮೀಟರ್ ವಿಸ್ತಾರದ, ಮೂರು ಅಂಗುಲ ಅಂಚಿನ ತಟ್ಟೆಯನ್ನು ನೆಲದಿಂದ ಎತ್ತರಿಸಿ ಇಟ್ಟು, ಅದರಡಿ ಬೆಂಕಿ ತಡೆಯುವ ಹೊದಿಕೆ ಹಾಸಿ, ಉಳಿದ ಬೂದಿಯನ್ನು ತನ್ನೊಡನೆಯೇ ಹೊತ್ತು ತರಬೇಕು. ಎರಡು ಗೋಡೆಯಂಥ ಬಂಡೆಗಳ ನಡುವೆ ಮಿತವಾದ ಮರಳು ದಂಡೆಗಳು, ಅವುಗಳಲ್ಲೇ ಸಾವಿರಾರು ಜನ ಸರದಿಯಂತೆ ತಂಗುವುದು. ಪ್ರತಿ ತಂಡವೂ ಇದ್ದಿಲು ಬಿಟ್ಟು ಹೋದರೆ ದಂಡೆ ಕೆಲವೇ ವರ್ಷಗಳಲ್ಲಿ ಕಪ್ಪಾಗುತ್ತದೆ ಎಂಬುದು ನಿಯಮದ ಹಿಂದಿನ ಲೆಕ್ಕ. ಹೆಜ್ಜೆಗುರುತು ಉಳಿಸದೆ ಅಲೆಯುವುದನ್ನು ಬೋಧಿಸುವ ಲೀವ್ ನೋ ಟ್ರೇಸ್ ಸಂಸ್ಥೆಯ ಏಳು ಸೂತ್ರಗಳಲ್ಲಿ ಐದನೆಯದು ಶಿಬಿರಾಗ್ನಿಯ ಪರಿಣಾಮ ತಗ್ಗಿಸುವುದಕ್ಕೇ ಮೀಸಲು. ತಟ್ಟೆಯಿಲ್ಲದವರಿಗೆ ಅದು ಹೇಳುವ ಉಪಾಯವೂ ತಟ್ಟೆಯ ತತ್ವವನ್ನೇ ಅನುಸರಿಸುತ್ತದೆ: ಬಟ್ಟೆ ಹಾಸಿ, ಅದರ ಮೇಲೆ 8ರಿಂದ 13 ಸೆಂಟಿಮೀಟರ್ ದಪ್ಪ ಖನಿಜ ಮಣ್ಣಿನ ದಿಣ್ಣೆ ಮಾಡಿ, ದಿಣ್ಣೆಯ ಮೇಲೆ ಸಣ್ಣ ಬೆಂಕಿ ಹಾಕಿ, ಮುಗಿದ ಮೇಲೆ ಮಣ್ಣನ್ನು ತಂದಲ್ಲಿಗೇ ಮರಳಿಸುವುದು.

ಜಪಾನಿನಲ್ಲಿ ಇದೇ ತತ್ವ ಒಂದು ವಸ್ತುಸಂಸ್ಕೃತಿಯಾಗಿಯೇ ಬೆಳೆದಿದೆ. ಅಲ್ಲಿ ನೆಲದ ಮೇಲೆ ನೇರವಾಗಿ ಹಾಕುವ ಬೆಂಕಿಗೆ ಜಿಕಾಬಿ ಎಂದೂ, ಬೆಂಕಿ ಹಾಕಲು ಇಡುವ ಪೀಠಕ್ಕೆ ತಕಿಬಿದಾಯ್ ಎಂದೂ ಹೆಸರು. ಬಹುತೇಕ ಶಿಬಿರತಾಣಗಳು ಮೊದಲನೆಯದನ್ನು ನಿಷೇಧಿಸಿರುವುದರಿಂದ ಎರಡನೆಯದು ಡೇರೆಯಷ್ಟೇ ಅಗತ್ಯದ ಸಾಮಾನಾಗಿದೆ. ನೀಗಾತ ಪ್ರಾಂತದ ಸ್ನೋ ಪೀಕ್ ಕಂಪನಿ 1996ರಲ್ಲಿ ಹೊರತಂದ ಪೀಠ ತಲೆಕೆಳಗಾದ ಪಿರಮಿಡ್ಡಿನಂತೆ ನಿಂತು, ಕೆಲಸ ಮುಗಿದ ಮೇಲೆ ಹಲಗೆಯಂತೆ ಚಪ್ಪಟೆಯಾಗುತ್ತದೆ. ಅದರ ಇಳಿಜಾರು ಗೋಡೆಗಳು ಕೆಂಡವನ್ನು ತಾವಾಗಿ ನಡುವಿಗೆ ಉರುಳಿಸುತ್ತವೆ, ಬಿಸಿತಳ ನೆಲ ಮುಟ್ಟುವುದಿಲ್ಲ. ಅಮೆರಿಕದ ಮಾದರಿಗಳು ಬೆಂಕಿಯ ಅಂದವನ್ನು ಮೊದಲು ನೆನೆದು ನೆಲವನ್ನು ಆಮೇಲೆ ನೆನೆದರೆ, ಈ ಪೀಠ ನೆಲವನ್ನೇ ಮೊದಲು ನೆನೆದು ರೂಪ ಪಡೆದದ್ದು. ಸೊಗಸು ತಾನಾಗಿ ಹಿಂದೆ ಬಂದಿದೆ.

ಸದ್ಯ ಮಾರುಕಟ್ಟೆಯನ್ನು ಆಳುತ್ತಿರುವುದು ಹೊಗೆರಹಿತ ಕೊಳಗ. ಕಟ್ಟಿಗೆ ಕಾದಾಗ ಮೊದಲು ಅನಿಲಗಳನ್ನೂ ಡಾಂಬರಿನಂಥ ಹನಿಗಳನ್ನೂ ಬಿಡುತ್ತದೆ. ಅವು ಪೂರ್ತಿ ಉರಿಯದೆ ತಪ್ಪಿಸಿಕೊಂಡರೆ ಹೊಗೆ. ಎರಡು ಗೋಡೆಯ ಕೊಳಗದಲ್ಲಿ ಗಾಳಿ ಬುಡದ ತೂತುಗಳಿಂದ ಒಳಬಂದು, ಒಂದು ಪಾಲು ಕೆಂಡದಡಿಗೆ ಹೋಗಿ, ಇನ್ನೊಂದು ಪಾಲು ಗೋಡೆಗಳ ನಡುವೆ ಕಾಯುತ್ತ ಏರಿ, ಬಾಯಂಚಿನ ತೂತುಗಳಿಂದ ಒಳಕ್ಕೆ ಚಿಮ್ಮಿ, ಮೇಲೇರುತ್ತಿರುವ ಹೊಗೆಯನ್ನು ಅಲ್ಲಿಯೇ ಎರಡನೆಯ ಬಾರಿ ಉರಿಸುತ್ತದೆ. ಇದಕ್ಕೆ ದ್ವಿತೀಯ ದಹನ ಎಂದು ಹೆಸರು. 2010ರಲ್ಲಿ ಆರಂಭವಾದ ಸೋಲೋ ಸ್ಟೋವ್ ಕಂಪನಿ 2016ರಲ್ಲಿ ಜನರಿಂದ ಮುಂಗಡ ಹಣ ಕೂಡಿಸಿ ತಂದ ಬಾನ್‌ಫೈರ್ ಮಾದರಿ, ಸುಮಾರು 50 ಸೆಂಟಿಮೀಟರ್ ಅಗಲ ಮತ್ತು 9 ಕಿಲೊ ತೂಕದ್ದು, ಈ ಜಾತಿಯನ್ನು ಮನೆಮಾತಾಗಿಸಿತು. ಬಯೋಲೈಟ್ ಕಂಪನಿಯದು ಇದೇ ಗುರಿಯನ್ನು ಬ್ಯಾಟರಿಯ ಫ್ಯಾನಿನಿಂದ 51 ಗಾಳಿತೂತುಗಳ ಮೂಲಕ ಸಾಧಿಸುತ್ತದೆ. 2023ರ ನವೆಂಬರ್‌ನಲ್ಲಿ ರ‍್ಯಾಪ್ ಗಾಯಕ ಸ್ನೂಪ್ ಡಾಗ್ ತಾನು ಹೊಗೆಯನ್ನು ತೊರೆದೆನೆಂದು ಘೋಷಿಸಿ ಅಭಿಮಾನಿಗಳನ್ನು ಬೆಚ್ಚಿಬೀಳಿಸಿ, ಕೆಲವು ದಿನಗಳ ಮೇಲೆ ಅದು ಸೋಲೋ ಸ್ಟೋವಿನ ಜಾಹೀರಾತೆಂದು ತಿಳಿದುಬಂದದ್ದು ಈ ವ್ಯಾಪಾರ ಯಾವುದನ್ನು ಮಾರುತ್ತದೆ ಎಂಬುದಕ್ಕೆ ಸಾಕಷ್ಟು ಸಾಕ್ಷಿ.

ಹೊಗೆಯಿಲ್ಲ ಎಂದ ಮಾತ್ರಕ್ಕೆ ಕಿಡಿಯಿಲ್ಲ ಎಂದಲ್ಲ. ಕೊಳಗದ ಎಳೆತ ಬಲವಾಗಿರುವುದರಿಂದ ಹಗುರ ಕಿಡಿಗಳು ನೇರವಾಗಿ ಮೇಲೇರುತ್ತವೆ, ಮೇಲ್ಗಡೆ ಕೊಂಬೆಯಿದ್ದರೆ ಗೋಡೆಯ ಎತ್ತರದಿಂದ ಏನೂ ಪ್ರಯೋಜನವಿಲ್ಲ; ಬಾಯಿಗೆ ಹೊಂದುವ ಜಾಲರಿ ಮುಚ್ಚಳವನ್ನು ಬೇರೆಯಾಗಿ ಕೊಳ್ಳಬೇಕು. ತೂತುಗಳ ಮಟ್ಟ ಮೀರಿ ಕಟ್ಟಿಗೆ ತುಂಬಿದರೆ, ಇಲ್ಲವೇ ಶೇ. 20ಕ್ಕಿಂತ ಹೆಚ್ಚು ನೀರಿನಂಶದ ಹಸಿಸೌದೆ ಹಾಕಿದರೆ ಹೊಗೆರಹಿತವೆಂಬ ವಿಶೇಷಣವೂ ನಿಲ್ಲುವುದಿಲ್ಲ. ತಳ ಇದೆಯಾದರೂ ಅದು ನೆಲಕ್ಕೆ ತೀರ ಹತ್ತಿರ. ಸೋಲೋ ಸ್ಟೋವ್ ಕಂಪನಿಯೇ ಬೇರೊಂದು ಅಡಿಪೀಠವನ್ನು ಮಾರುವುದು ಬಿಸಿ ಕೆಳಕ್ಕೂ ಇಳಿಯುತ್ತದೆ ಎಂಬುದನ್ನು ಒಪ್ಪಿಕೊಂಡಂತೆಯೇ. ಎಲ್ಲಕ್ಕಿಂತ ಗಂಭೀರವಾದ ತೊಡಕು ಆರಿಸುವಲ್ಲಿದೆ. ನೀರು ಹುಯ್ದರೆ ಕಾದ ತಗಡು ಸೊಟ್ಟಗಾಗುತ್ತದೆ, ಒದ್ದೆ ಬೂದಿ ಗೋಡೆಗಳ ನಡುವೆ ಕಟ್ಟಿಕೊಳ್ಳುತ್ತದೆ. ಆದ್ದರಿಂದ ತಯಾರಕರು ಬೆಂಕಿಯನ್ನು ತಾನಾಗಿ ಆರಲು ಬಿಡಿ ಎನ್ನುತ್ತಾರೆ. ಅರಣ್ಯ ಇಲಾಖೆಗಳು ಹೇಳುವುದು ಇದಕ್ಕೆ ನೇರ ವಿರುದ್ಧ: ನೀರಲ್ಲಿ ಮುಳುಗಿಸು, ಕದಡು, ಕೈಯಿಟ್ಟು ನೋಡು. ಮನೆಯಂಗಳದಲ್ಲಿ ತಯಾರಕರ ಮಾತು ನಡೆಯುತ್ತದೆ. ಬೆಳಗಾಗುತ್ತಲೇ ಗಂಟುಮೂಟೆ ಕಟ್ಟುವ ಕಾಡಿನ ಶಿಬಿರದಲ್ಲಿ ನಡೆಯುವುದಿಲ್ಲ. ಎರಡನ್ನೂ ಹೊಂದಿಸುವ ದಾರಿಯೆಂದರೆ ಮಲಗುವ ಎರಡು ಗಂಟೆ ಮೊದಲೇ ಸೌದೆ ನಿಲ್ಲಿಸಿ, ಉಳಿದದ್ದು ಬೂದಿಯಾಗಲು ಬಿಟ್ಟು, ಆ ಬೂದಿಯನ್ನು ಲೋಹದ ಬಕೆಟ್ಟಿಗೆ ಸುರಿದು ಅಲ್ಲಿ ನೀರು ಹಾಕಿ ಕದಡುವುದು. ಆ ಬಕೆಟ್ಟನ್ನು ಯಾವ ಕಂಪನಿಯೂ ಪೆಟ್ಟಿಗೆಯಲ್ಲಿಟ್ಟು ಕೊಡುವುದಿಲ್ಲ.

ಅಲ್ಯುಮಿನಿಯಂ ಚೌಕಟ್ಟಿನ ಮೇಲೆ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ಹಾಸಿದ ಮಡಚುವ ಮಾದರಿಗಳು ಹಗುರ, ಗಾಳಿ ಚೆನ್ನಾಗಿ ಆಡುತ್ತದೆ, ನೆಲದಿಂದಲೂ ಎತ್ತರ. ಜಾಲರಿಯಡಿ ಶಾಖತಡೆಯ ತಗಡು ಇದ್ದರೆ ಮಾತ್ರ ಅವನ್ನು ಪರಿಗಣಿಸಬೇಕು, ಇಲ್ಲವಾದರೆ ಸಣ್ಣ ಕೆಂಡ ಕೆಳಗೆ ಉದುರುತ್ತಲೇ ಇರುತ್ತದೆ.

ಗ್ಯಾಸಿನ ಬೋಗುಣಿಯ ವಿಷಯದಲ್ಲಿ ಕಟ್ಟಿಗೆಪ್ರಿಯರು ಮೂಗು ಮುರಿಯುವುದುಂಟು. ಔಟ್‌ಲ್ಯಾಂಡ್ ಕಂಪನಿಯ 19 ಅಂಗುಲದ ಬೋಗುಣಿ ಗಂಟೆಗೆ 58,000 ಬಿಟಿಯು, ಎಂದರೆ ಸುಮಾರು 17 ಕಿಲೊವಾಟ್ ಶಾಖ ಕೊಡುತ್ತದೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಸಿಗುವ 9 ಕಿಲೊ ಪ್ರೊಪೇನ್ ಸಿಲಿಂಡರು ಪೂರ್ತಿ ಉರಿಯಲ್ಲಿ ಏಳು ಗಂಟೆಗೆ ತುಸು ಮೇಲೆ ಬರುತ್ತದೆ. ಕಿಡಿಯಿಲ್ಲ, ಬೂದಿಯಿಲ್ಲ, ತಿರುಪು ತಿರುಗಿಸಿದ ಕ್ಷಣ ಬೆಂಕಿಯೂ ಇಲ್ಲ. ಪ್ರೊಪೇನ್ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ತಗ್ಗಿನಲ್ಲಿ ನಿಲ್ಲುತ್ತದೆ ಎಂಬುದನ್ನು ನೆನೆದು, ಪ್ರತಿಸಲ ಕೊಳವೆಯ ಕೀಲುಗಳಿಗೆ ಸಾಬೂನು ನೀರು ಸವರಿ ಗುಳ್ಳೆ ಏಳುತ್ತದೆಯೇ ಎಂದು ನೋಡಿಕೊಂಡರೆ, ಒಣಗಾಲಕ್ಕೆ ಇದಕ್ಕಿಂತ ನಂಬಬಹುದಾದದ್ದು ಬೇರಿಲ್ಲ. ಇದರ ಪಕ್ಕದಲ್ಲಿಯೇ ಅಂಗಡಿಗಳಲ್ಲಿ ಕಾಣುವ, ಮೇಜಿನ ಮೇಲೆ ಮದ್ಯಸಾರ ಸುರಿದು ಹೊತ್ತಿಸುವ ಪುಟ್ಟ ಬಟ್ಟಲುಗಳನ್ನು ಮಾತ್ರ ಪೂರ್ತಿ ದೂರವಿಡಬೇಕು. ಅವುಗಳ ಜ್ವಾಲೆ ಬೆಳಕಿನಲ್ಲಿ ಕಾಣುವುದಿಲ್ಲ, ಆರಿತೆಂದು ಮತ್ತೆ ಸುರಿದರೆ ಉರಿ ಬಾಟಲಿಗೆ ಹಾರಿ ಎದುರಿದ್ದವರ ಮೇಲೆ ಚಿಮ್ಮುತ್ತದೆ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2024ರ ಡಿಸೆಂಬರ್‌ನಲ್ಲಿ ಇಂಥವನ್ನು ಬಳಸುವುದನ್ನೇ ನಿಲ್ಲಿಸಿ ಎಂದು ಎಚ್ಚರಿಸಿದೆ.

ಲೋಹದ ಮಾತಿಗೆ ಬಂದರೆ, ತಗಡಿನ ದಪ್ಪವನ್ನು ಗೇಜ್ ಎಂಬ ಅಳತೆಯಲ್ಲಿ ಹೇಳುವುದು ವಾಡಿಕೆಯಾಗಿದ್ದು, ಅಂಕಿ ಏರಿದಂತೆ ತಗಡು ತೆಳುವಾಗುತ್ತದೆ ಎಂಬ ತಿರುಗುಮುರುಗು ಹೊಸಬರನ್ನು ದಾರಿ ತಪ್ಪಿಸುತ್ತದೆ: 14 ಗೇಜಿನ ಉಕ್ಕು ಸುಮಾರು 1.9 ಮಿಲಿಮೀಟರ್, 20 ಗೇಜಿನದು ಸುಮಾರು 0.9. ದಪ್ಪ ಹೆಚ್ಚಿದರೆ ಬಾಳಿಕೆ, ತೂಕ ಎರಡೂ ಹೆಚ್ಚುತ್ತವೆ. 75 ಸೆಂಟಿಮೀಟರ್ ಅಗಲ, 25 ಎತ್ತರದ ತಳವಿಲ್ಲದ ಬಳೆ 2 ಮಿಲಿಮೀಟರ್ ಉಕ್ಕಿನದಾದರೆ 9 ಕಿಲೊ ದಾಟುತ್ತದೆ, 1 ಮಿಲಿಮೀಟರಿನದಾದರೆ ಅದರರ್ಧ, ಆದರೆ ಕೆಲವೇ ಬಾರಿ ಕಾಯುವುದರಲ್ಲಿ ಸೊಟ್ಟಗಾಗಿ ಕೊಂಡಿಗಳು ಕೂಡದಂತಾಗುತ್ತವೆ. ಶೇ. 18ರಷ್ಟು ಕ್ರೋಮಿಯಂ ಬೆರೆತ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ತುಕ್ಕಿಗೆ ಸುಲಭವಾಗಿ ಬಗ್ಗದು. ಬೆಂಕಿ ಕಂಡ ಮೇಲೆ ಅದರ ಮೇಲೆ ಮೂಡುವ ಹೊಂಬಣ್ಣ, ನೀಲಿ ಛಾಯೆಗಳು ದೋಷವಲ್ಲ. ಸತು ಲೇಪಿಸಿದ, ಎಂದರೆ ಗ್ಯಾಲ್ವನೈಸ್ ಮಾಡಿದ ಬಳೆಗಳು ಅಗ್ಗವಾದರೂ ತ್ಯಾಜ್ಯ: ಸತು 419 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ, ಕಟ್ಟಿಗೆಯ ಕೆಂಡ ಅದನ್ನು ಸುಲಭವಾಗಿ ಮೀರುತ್ತದೆ, ಬಿಳಿ ಸತು ಹೊಗೆಯನ್ನು ಉಸಿರಾಡಿದವರಿಗೆ ವೆಲ್ಡರ್‌ಗಳು ಬಲ್ಲ ಚಳಿಜ್ವರ ಬರುತ್ತದೆ. 660 ಡಿಗ್ರಿಯಲ್ಲಿ ಕರಗುವ ಅಲ್ಯುಮಿನಿಯಂ ಕೆಂಡ ಮುಟ್ಟದ ಚೌಕಟ್ಟಿಗೆ ಸರಿ, ತಳಕ್ಕೆ ಸಲ್ಲದು. ಎರಕದ ಕಬ್ಬಿಣ ಶಾಖ ಹಿಡಿದಿಡುತ್ತದೆ, ತಣ್ಣೀರು ತಾಗಿದರೆ ಸೀಳುತ್ತದೆ.

ಗಾತ್ರವನ್ನು ನಿರ್ಧರಿಸಬೇಕಾದದ್ದು ಜನರ ಸಂಖ್ಯೆಯಲ್ಲ, ಸೌದೆಯ ಉದ್ದ. ಅಮೆರಿಕದಲ್ಲಿ ಕಟ್ಟು ಕಟ್ಟಿ ಮಾರುವ ಸೌದೆ ಸಾಮಾನ್ಯವಾಗಿ 40 ಸೆಂಟಿಮೀಟರ್ ಆಸುಪಾಸಿನದು. ಬಳೆಯ ಒಳ ಅಗಲ ಅದಕ್ಕಿಂತ ಒಂದು ಗೇಣಾದರೂ ಹೆಚ್ಚಿರಬೇಕು, ಏಕೆಂದರೆ ಅಂಚಿನಿಂದ ಹೊರಚಾಚಿದ ಕೊಳ್ಳಿ ನಡುವೆ ಸುಟ್ಟು ತುಂಡಾದಾಗ ಹೊರಗಿನ ತುದಿ ನೆಲಕ್ಕೇ ಬೀಳುತ್ತದೆ. ಗೋಡೆ ತೀರ ಎತ್ತರವಾದರೆ ಕೂತವರ ಕಾಲಿಗೆ ಬಿಸಿ ತಾಗದೆ, ಅವರು ಬೆಂಕಿಯನ್ನು ಇನ್ನಷ್ಟು ದೊಡ್ಡದು ಮಾಡುತ್ತಾರೆ. ಸುತ್ತಲಿನ ತೆರವಿನ ವಿಷಯದಲ್ಲಿ ನಿಯಮಗಳು ಊರಿಂದೂರಿಗೆ ಬೇರೆ: ಕ್ಯಾಲಿಫೋರ್ನಿಯಾದ ಉಚಿತ ಶಿಬಿರಾಗ್ನಿ ಪರವಾನಗಿ ಎಲ್ಲ ದಿಕ್ಕಿಗೂ ಐದು ಅಡಿ ತೆರವನ್ನೂ ಕೈಯಳತೆಯಲ್ಲಿ ಒಂದು ಸಲಿಕೆಯನ್ನೂ ಕೇಳುತ್ತದೆ, ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಕಟ್ಟಿದ ಒಲೆಯಿಲ್ಲದ ಕಡೆ 30 ಸೆಂಟಿಮೀಟರ್ ಆಳದ ಕುಳಿ, ಸುತ್ತ ಮತ್ತು ಮೇಲೆ ಮೂರು ಮೀಟರ್ ತೆರವು, 10 ಲೀಟರ್ ನೀರು ಇವನ್ನು ವಿಧಿಸುತ್ತದೆ. ಮೇಲೆ ಎಂಬ ಮಾತು ಅಲ್ಲಿ ಸೇರಿರುವುದು ಗಮನಾರ್ಹ.

ಬಳೆ ಕೊಂಡವರು ಅದನ್ನು ಬೆಂಕಿ ಹಾಕುವ ಅನುಮತಿಯೆಂದು ಭಾವಿಸುವುದು ಅತ್ಯಂತ ವ್ಯಾಪಕವಾದ ತಪ್ಪು. ಅಮೆರಿಕದ ಪಶ್ಚಿಮದ ರಾಷ್ಟ್ರೀಯ ಅರಣ್ಯಗಳಲ್ಲಿ ಒಣಗಾಲ ಬಿಗಿಯಾದಂತೆ ನಿರ್ಬಂಧಗಳನ್ನು ಹಂತಹಂತವಾಗಿ ಹೇರುತ್ತಾರೆ. ಮೊದಲ ಹಂತದಲ್ಲಿ ಸಾಮಾನ್ಯವಾಗಿ ಇಲಾಖೆಯೇ ನೆಲೆಗೊಳಿಸಿದ ಲೋಹದ ಅಥವಾ ಕಾಂಕ್ರೀಟಿನ ಬಳೆಗಳಲ್ಲಿ ಮಾತ್ರ ಕಟ್ಟಿಗೆ ಉರಿಸಬಹುದು, ಎರಡನೆಯ ಹಂತದಲ್ಲಿ ಅಲ್ಲಿಯೂ ಇಲ್ಲ. ಹೊತ್ತು ತಂದ ಬಳೆ ಎಷ್ಟೇ ಬೆಲೆಯದಾಗಿದ್ದರೂ ಮೊದಲ ಹಂತದಲ್ಲೇ ಹೊರಗುಳಿಯುತ್ತದೆ. ಮುಚ್ಚುವ ತಿರುಪುಳ್ಳ ಗ್ಯಾಸಿನ ಸಾಧನಗಳಿಗೆ, ಸುತ್ತ ಮೂರು ಅಡಿ ತೆರವಿದ್ದರೆ, ಈ ಹಂತಗಳಲ್ಲೂ ಹೆಚ್ಚಾಗಿ ಎಡೆ ಉಂಟು. ಬೇಸಿಗೆಯಲ್ಲಿ ತಂಗಲು ಹೋಗುವವರ ಮಟ್ಟಿಗೆ ಈ ಒಂದು ಸಂಗತಿ ಮೇಲಿನ ಎಲ್ಲ ಹೋಲಿಕೆಗಳನ್ನೂ ಬದಿಗೊತ್ತಬಲ್ಲದು.

ಕರ್ನಾಟಕದಲ್ಲಿ ಈ ಪ್ರಶ್ನೆ ಬೇರೆ ವೇಷದಲ್ಲಿದೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಹೋಂಸ್ಟೇಗಳಲ್ಲಿ ಕ್ಯಾಂಪ್ ಫೈರ್ ಊಟ, ತಿಂಡಿಗಳಂತೆ ಪಟ್ಟಿಯಲ್ಲಿರುವ ಬಾಬತ್ತು. ಅದನ್ನು ಹಾಕುವುದು ಬರಿನೆಲದ ಮೇಲೆ, ಇಲ್ಲವೇ ಅಡ್ಡಕೊಯ್ದ ಡ್ರಮ್ಮಿನಲ್ಲಿ, ಲಾರಿ ಚಕ್ರದ ಡಿಸ್ಕಿನಲ್ಲಿ, ಹಳೆಯ ವಾಷಿಂಗ್ ಮೆಷಿನ್ನಿನ ತೂತುತೂತಾದ ಸ್ಟೀಲ್ ಡ್ರಮ್ಮಿನಲ್ಲಿ. ಪ್ರವಾಸಿಗರು ತುಂಬುವ ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಕಾಲವೇ ತೋಟದ ಸಿಲ್ವರ್ ಓಕ್ ಎಲೆಗಳು ಒಣಗಿ ಹಾಸಿರುವ, ಗುಡ್ಡದ ಹುಲ್ಲು ಹಳದಿಯಾಗಿರುವ, ಅರಣ್ಯ ಇಲಾಖೆ ಬೆಂಕಿರೇಖೆಗಳನ್ನು ಕಾಯುವ ಕಾಲ. ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದನ್ನೂ ಉರಿಯುವ ಬೆಂಕಿಯನ್ನು ಬಿಟ್ಟುಬರುವುದನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಸೆಕ್ಷನ್ ನಿಷೇಧಿಸಿದೆ. ಅಲ್ಲಿ ಬಳೆಯ ಪ್ರಶ್ನೆಯೇ ಏಳದು. ಅಮೆರಿಕದ ಗ್ಯಾಸ್ ಬೋಗುಣಿಯನ್ನು ತರಿಸಿದರೂ ಅದರ ಜೋಡಣೆ ಇಲ್ಲಿನ ಸಿಲಿಂಡರಿಗೆ ಕೂಡುವುದಿಲ್ಲ.

ಆದರೂ ಮಲೆನಾಡಿಗೆ ಈ ವಸ್ತು ಹೊಸದಲ್ಲ. ಬಾಣಂತಿಯ ಕೋಣೆಗೂ ಮಳೆಗಾಲದ ಒದ್ದೆಬಟ್ಟೆಗೂ ಒಯ್ಯುತ್ತಿದ್ದ ಅಗ್ಗಿಷ್ಟಿಕೆ ಸಾಗಿಸಬಲ್ಲ ಬೆಂಕಿಪಾತ್ರೆಯೇ, ಅದಕ್ಕೆ ತಳವೂ ಉಂಟು. ಅದರಲ್ಲಿ ಹಾಕುತ್ತಿದ್ದುದು ಉರಿಯಲ್ಲ, ಒಲೆಯಲ್ಲಿ ಹಣ್ಣಾದ ಕೆಂಡ. ಕಿಡಿ ಹಾರುವ ಹಂತ ಅಡುಗೆಮನೆಯಲ್ಲಿಯೇ ಮುಗಿದಿರುತ್ತಿತ್ತು. ಕಾರ್ಬನ್ ಮೊನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲವನ್ನು ಕೆಂಡವೂ ಬಿಡುವುದರಿಂದ ಬಾಗಿಲು ಮುಚ್ಚಿದ ಕೋಣೆಗೂ ಡೇರೆಯ ಒಳಗೂ ಅದು ಸಲ್ಲದು, ಬಯಲಿಗೆ ಸಲ್ಲುತ್ತದೆ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ 2 ಮಿಲಿಮೀಟರ್ ಉಕ್ಕಿನ ತಗಡಿನಿಂದ, ಸುಮಾರು 60 ಸೆಂಟಿಮೀಟರ್ ಅಗಲದ ಮುಚ್ಚಿದ ತಳದ ಪಾತ್ರೆಗೆ ಗೇಣೆತ್ತರದ ನಾಲ್ಕು ಕಾಲು, ಎತ್ತಲು ಎರಡು ಹಿಡಿ, ಮೇಲೊಂದು ಜಾಲರಿ ಮುಚ್ಚಳ ಹಾಕಿಸುವುದು ಕಷ್ಟದ ಕೆಲಸವಲ್ಲ. ಹಳೆಯ ಡ್ರಮ್ಮೇ ಆಗಬೇಕೆಂದರೆ ಕೀಟನಾಶಕವಾಗಲಿ ಥಿನ್ನರ್ ಆಗಲಿ ತುಂಬಿದ್ದನ್ನು ಮುಟ್ಟಬಾರದು. ಕೊಯ್ಯುವಾಗಲೇ ಉಳಿದ ಆವಿ ಸಿಡಿಯಬಹುದು. ಸೌದೆಯಾಗಿ ಕತ್ತರಿಸಿ ಒಣಗಿಸಿದ ಕಾಫಿ ಗಿಡ ಗಟ್ಟಿ ಕೆಂಡ ಕೊಡುತ್ತದೆ, ಬಿದಿರು ಗೆಣ್ಣುಗಳ ನಡುವಿನ ಗಾಳಿ ಕಾದು ಪಟಾಕಿಯಂತೆ ಸಿಡಿದು ಕೆಂಡವನ್ನು ಅತಿಥಿಗಳ ಮಡಿಲಿಗೆ ಎಸೆಯುತ್ತದೆ, ಹೊಳೆಯಿಂದ ತಂದ ಕಲ್ಲುಗಳೂ ಒಳಗಿನ ತೇವ ಕಾದು ಹಾಗೆಯೇ ಒಡೆಯುತ್ತವೆ. ರಾತ್ರಿ ನೀರು ಹುಯ್ದು ಕದಡಿದ ಬೂದಿಯನ್ನು ಬೆಳಿಗ್ಗೆ ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಿ, ತಣ್ಣಗಿದ್ದರೆ ಮಾತ್ರ ತೋಟದ ಹುಳಿಮಣ್ಣಿಗೆ ತೆಳ್ಳಗೆ ಎರಚಬಹುದು. ಬೆಚ್ಚಗಿದ್ದರೆ ಇನ್ನೊಂದು ಕೊಡ ನೀರು.